ಬೀಗಿತ್ತಿಯ ನಾಲ್ಕು ಮೀನು, ನನ್ನ ಹಸಿರು ಕೊಳ

ನನ್ನ ಹಿತ್ತಲಿನ ಕೊಳ ಆರಡಿ ಉದ್ದ, ನಾಲ್ಕಡಿ ಅಗಲ, ಎರಡೂವರೆ ಅಡಿ ಆಳ. ಅಳತೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಪಟ್ಟ ಪಾಡನ್ನು ಓದಿದವರು, ಈ ಮನುಷ್ಯ ಯಾವುದೋ ಊರ ಕೆರೆಯ ಹೂಳೆತ್ತಿಸಲು ಹೊರಟಿದ್ದ ಎಂದುಕೊಂಡಾರು.

ನಾನು ಗದಗದ ಕಡೆಯವನು. ಇಪ್ಪತ್ತರ ಹರೆಯದಲ್ಲಿ ನೌಕಾಪಡೆ ಸೇರಿ ವಿಶಾಖಪಟ್ಟಣಕ್ಕೆ ಬಂದೆ. ಹಡಗುಗಳ ಇಂಜಿನ್ ಕೋಣೆಯಲ್ಲಿ ಆಯುಷ್ಯದ ಒಳ್ಳೆಯ ಭಾಗ ಕಳೆದೆ. ನಿವೃತ್ತಿಯಾದ ಮೇಲೆ ಆ ಊರ ಅಂಚಿನ ಪೆಂಡುರ್ತಿಯಲ್ಲಿ ಮನೆ ಕಟ್ಟಿಕೊಂಡು ಹೆಂಡತಿಯೊಂದಿಗೆ ಇದ್ದೇನೆ. ಬೆಳಗ್ಗೆ ಐದೂವರೆಗೆ ಏಳುತ್ತೇನೆ, ಆರಕ್ಕೆ ಗಡ್ಡ ಹೆರೆಯುತ್ತೇನೆ, ಏಳೂವರೆಗೆ ತಿಂಡಿ ತಿನ್ನುತ್ತೇನೆ. ಇದರಲ್ಲಿ ನನಗೆ ಹೆಮ್ಮೆಯಿದೆ. ಮನೆಯವರಿಗೆ ಅಷ್ಟಾಗಿ ಇಲ್ಲ.

ಮಗಳನ್ನು ವಿಜಯವಾಡದ ತೆಲುಗು ಮನೆತನಕ್ಕೆ ಕೊಟ್ಟಿದ್ದೇವೆ. ಅವಳ ಅತ್ತೆ, ಅಂದರೆ ನನ್ನ ಬೀಗಿತ್ತಿ, ಸರ್ಕಾರಿ ಶಾಲೆಯೊಂದರಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಅವರಿಗೆ ಕನ್ನಡ ಬಾರದು. ನನ್ನ ತೆಲುಗು ಬಂದರಿನ ತೆಲುಗು. ಆದರೂ ನಮ್ಮಿಬ್ಬರ ನಡುವೆ ಮಾತಿಗೆ ಎಂದೂ ಕೊರತೆಯಾಗಿಲ್ಲ, ಏಕೆಂದರೆ ಮಾತಾಡುವವರು ಹೆಚ್ಚಾಗಿ ಅವರೇ. ಬೀಗರನ್ನು ಅಲ್ಲಿ ಅನ್ನಯ್ಯಗಾರು, ಬೀಗಿತ್ತಿಯರನ್ನು ವದಿನಗಾರು ಎಂದು ಕರೆಯುವ ರೂಢಿ. ಅಣ್ಣ, ಅತ್ತಿಗೆ ಎಂದ ಹಾಗೆ. ಅವರು ನನ್ನನ್ನು ಅನ್ನಯ್ಯಗಾರೂ ಎಂದು ಕರೆಯುವಾಗಲೆಲ್ಲ ಹಿಂದಿನ ಬೆಂಚಿನ ಹುಡುಗನ ಹೆಸರು ಕೂಗಿದಂತೆ ಕೇಳಿಸುತ್ತದೆ.

ವಿಜಯವಾಡದ ಅವರ ಹಳೆಯ ಮನೆಯ ಮಾಳಿಗೆಯ ಮೇಲೆ ಒಂದು ಸಿಮೆಂಟು ತೊಟ್ಟಿ ಇತ್ತು. ಅದರಲ್ಲಿ ಬಿಳಿ ತಾವರೆ, ತಾವರೆಯ ಕೆಳಗೆ ನಾಲ್ಕು ಕೆಂಪು ಮೀನು. ಅವುಗಳಲ್ಲಿ ದೊಡ್ಡದಕ್ಕೆ ಒಂಬತ್ತು ವರ್ಷ. ವಯಸ್ಸಾಗಿ ಅದರ ಕೆಂಪು ಅರ್ಧ ಬೆಳ್ಳಗಾಗಿತ್ತು. ಅದನ್ನು ಅವರು ಪೆದ್ದದಿ, ದೊಡ್ಡದು, ಎಂದಷ್ಟೇ ಕರೆಯುತ್ತಿದ್ದರು. ಆ ಮನೆ ಬಿಟ್ಟು ಐದನೆಯ ಅಂತಸ್ತಿನ ಫ್ಲ್ಯಾಟಿಗೆ ಹೋಗುವುದು ನಿಶ್ಚಯವಾದಾಗ, ಅಲ್ಲಿನ ಸಂಘದವರು ಎರಡು ಪುಟದ ನಿಯಮಾವಳಿ ಕಳಿಸಿದರು. ಬಾಲ್ಕನಿಯಲ್ಲಾಗಲಿ ತಾರಸಿಯಲ್ಲಾಗಲಿ ನೀರು ನಿಲ್ಲುವ ಯಾವುದೇ ಪಾತ್ರೆ ಇಡಕೂಡದು. ಒಣಗಲು ಹಾಕಿದ ಬಟ್ಟೆಯ ನೀರು ಎಲ್ಲಿ ತೊಟ್ಟಿಕ್ಕಬೇಕು ಎಂಬುದಕ್ಕೂ ಒಂದು ಉಪನಿಯಮವಿತ್ತು. ನಾನು ಅದನ್ನು ಮೆಚ್ಚಿಕೊಂಡೆ. ಬೀಗಿತ್ತಿ ಮೆಚ್ಚಲಿಲ್ಲ.

"ಗುಡಿಯ ಕೊಳಕ್ಕೆ ಬಿಡಬೇಕಷ್ಟೆ," ಎಂದರು, ನಾವು ವಿಜಯವಾಡಕ್ಕೆ ಹೋಗಿದ್ದಾಗ ಒಂದು ದಿನ ಊಟವಾದ ಮೇಲೆ. "ಅಲ್ಲಿ ಆಮೆಗಳಿವೆ. ಒಂದು ವಾರ ಉಳಿದರೆ ಹೆಚ್ಚು. ಒಂಬತ್ತು ವರ್ಷದಲ್ಲಿ ನನ್ನ ಕೈಯಿಂದ ಒಂದೂ ಸತ್ತಿಲ್ಲ, ಅನ್ನಯ್ಯಗಾರೂ."

ಹೊಟ್ಟೆ ತುಂಬಿದ ಮನುಷ್ಯ ಉದಾರಿಯಾಗುತ್ತಾನೆ. ನಾನು ಹೇಳಿಬಿಟ್ಟೆ: "ನಮ್ಮ ಹಿತ್ತಲಿನಲ್ಲಿ ಕೊಳ ಕಟ್ಟಿಸುತ್ತೇನೆ. ಎರಡು ತಿಂಗಳು ಕೊಡಿ. ನೀರು ಕನ್ನಡಿಯ ಹಾಗಿರುತ್ತದೆ."

ನನ್ನ ಹೆಂಡತಿ ಎಲೆಯಡಿಕೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಆ ನೋಟದ ಅರ್ಥ ಗೊತ್ತಾಗಲು ನನಗೆ ಆರು ವಾರ ಹಿಡಿಯಿತು.

ಕೊಳ ಕಟ್ಟುವುದರಲ್ಲಿ ತೊಂದರೆಯಾಗಲಿಲ್ಲ. ಗಾರೆಯವನು ಹೇಳಿದ ದಿನಕ್ಕಿಂತ ಹತ್ತು ದಿನ ತಡವಾಗಿ ಮುಗಿಸಿದ. ಗಾರೆ ಕೆಲಸದವರ ಲೆಕ್ಕದಲ್ಲಿ ಅದು ಮುಂಚಿತವಾಗಿ ಮುಗಿಸಿದಂತೆ. ನೀರು ತುಂಬಿಸಿದ ದಿನ ತಳದ ಸಿಮೆಂಟಿನ ಮೇಲೆ ಕರಣೆಯ ಗೆರೆಗಳು ಕೂಡ ಕಾಣುತ್ತಿದ್ದವು. ನಾನು ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತೆ. ನಾಲ್ಕನೆಯ ದಿನ ನೀರು ತೆಳು ಚಹಾದಂತಾಯಿತು. ಎಂಟನೆಯ ದಿನ ಬಟಾಣಿ ಸಾರು. ಮಾರ್ಚಿನ ಬಿಸಿಲು, ಹಿತ್ತಲಿನಲ್ಲಿ ಒಂದು ಗೇಣು ನೆರಳಿಲ್ಲ. ಕೈ ಮುಳುಗಿಸಿದರೆ ಮೊಣಕೈ ಕಾಣದು.

ಹಡಗಿನಲ್ಲಿ ಬಾಯ್ಲರಿನ ನೀರನ್ನು ಪ್ರತಿ ಪಾಳಿಯಲ್ಲೂ ಪರೀಕ್ಷೆ ಮಾಡಿದವನು ನಾನು. ನೀರು ಕೆಟ್ಟರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದುರದೃಷ್ಟ ಅದೇ. ಅವತ್ತೇ ವೇಳಾಪಟ್ಟಿ ಬರೆದು ಹಿತ್ತಲ ಬಾಗಿಲಿಗೆ ಅಂಟಿಸಿದೆ. ಸೋಮ, ಬುಧ, ಶುಕ್ರ ಬೆಳಗ್ಗೆ ಆರೂಕಾಲಕ್ಕೆ ಅರ್ಧ ನೀರು ಹೊರಗೆ, ಬೋರ್‌ವೆಲ್‌ನ ಹೊಸ ನೀರು ಒಳಗೆ. ಭಾನುವಾರ ಪೂರ್ತಿ ಖಾಲಿ. ಗೋಡೆ, ತಳ ಎರಡನ್ನೂ ಬ್ಲೀಚಿಂಗ್ ಪುಡಿ ಹಾಕಿ ತಂತಿ ಬ್ರಷ್ಷಿನಿಂದ ಉಜ್ಜುವುದು. ಕೊನೆಗೆ ತಪಾಸಣೆ.

ತಪಾಸಣೆ ಎಂದರೇನೆಂದು ಹೇಳಬೇಕು. ಹಡಗಿನಲ್ಲಿ ವಾರಕ್ಕೊಮ್ಮೆ ದೊಡ್ಡ ಅಧಿಕಾರಿ ಬಿಳಿ ಕೈಗವಸು ಹಾಕಿಕೊಂಡು ಬರುತ್ತಿದ್ದರು. ಯಾರೂ ಎಂದೂ ಕೈ ಹಾಕದ ಜಾಗಕ್ಕೆ, ಕೊಳವೆಯ ಹಿಂದಕ್ಕೆ, ಏಣಿಯ ಅಡಿಗೆ, ಬೆರಳು ಒತ್ತಿ ಎಳೆದು ಕೈಗವಸು ನೋಡುತ್ತಿದ್ದರು. ಅದು ಬಿಳಿಯಾಗಿದ್ದರೆ ನಮ್ಮ ಭಾನುವಾರ ನಮ್ಮದು. ನನ್ನ ಬಳಿ ಕೈಗವಸು ಇರಲಿಲ್ಲ. ಬಿಳಿ ಕರವಸ್ತ್ರವನ್ನು ಬೆರಳಿಗೆ ಸುತ್ತಿ ಕೊಳದ ಒಳಗೋಡೆಯ ಮೇಲೆ ಎಳೆಯುತ್ತಿದ್ದೆ. ಜಿಗುಟು ಲೋಳೆ ಹತ್ತಿದರೆ ಮತ್ತೆ ಉಜ್ಜು. ಮೂರನೆಯ ಭಾನುವಾರದ ಹೊತ್ತಿಗೆ ಕರವಸ್ತ್ರ ಹೇಗೆ ಹೋಯಿತೋ ಹಾಗೇ ವಾಪಸು ಬರುತ್ತಿತ್ತು. ಆ ಗೋಡೆಯ ಮೇಲೆ ಶಸ್ತ್ರಚಿಕಿತ್ಸೆ ಮಾಡಬಹುದಿತ್ತು.

ಮತ್ತು ಪ್ರತಿ ಗುರುವಾರ ನೀರು ಹಸಿರಾಗುತ್ತಿತ್ತು. ಇಷ್ಟು ಸಮಯಪಾಲನೆಯನ್ನು ನಾನು ನಮ್ಮ ಕಡೆಯ ಯಾವ ರೈಲಿನಲ್ಲೂ ಕಂಡಿಲ್ಲ.

ಮಹಡಿಯ ಮೇಲೆ ಬಾಡಿಗೆಗೆ ಇರುವಾಕೆ ಮಂಡ್ಯದವರು. ಪರವಾಡದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಪಾಳಿ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದು ಬರುವಾಗ ನನ್ನ ಭಾನುವಾರದ ಸಮಾರಂಭ ಅವರ ಕಣ್ಣಿಗೆ ಬೀಳುತ್ತಿತ್ತು.

"ಏನ್ ಸಾರ್, ಇವತ್ತೂ ಖಾಲಿ ಮಾಡ್ಬುಟ್ರಾ?"

"ಶಿಸ್ತು ಅಂದ್ರ ಶಿಸ್ತು," ಎಂದೆ.

"ನಮ್ ಫ್ಯಾಕ್ಟ್ರೀಲೂ ಟ್ಯಾಂಕ್ ಹಿಂಗೇ ತೊಳಿಯೋದು ಸಾರ್. ಆದ್ರೆ ಅಲ್ಲಿ ಒಳಗೆ ಯಾವ್ದೂ ಬದುಕ್ಬಾರ್ದು ಅಂತ ತೊಳೀತೀವಿ."

ನಾನು ಇದನ್ನು ಮೆಚ್ಚುಗೆಯ ಮಾತೆಂದೇ ತಿಳಿದೆ. ನನ್ನ ಹೆಂಡತಿ ಅಡುಗೆಮನೆಯ ಕಿಟಕಿಯಿಂದಲೇ ನಕ್ಕಳು.

"ಏನ್ರೀ, ಆ ನೀರಿಗೆ ಒಂದಿನರ ಉಸಿರು ಬಿಡಾಕ ಕೊಡ್ರಿ. ನೀವು ಕೈ ಇಟ್ಟಷ್ಟೂ ಅದು ರಾಡಿ ಆಗತೈತಿ."

ಅವಳ ಸಲಹೆಗೆ ಯಾವ ತಾಂತ್ರಿಕ ಆಧಾರವೂ ಇರಲಿಲ್ಲ. ಗದಗದ ಕಡೆ ಅವಳ ತವರಿನ ಹೊಂಡವನ್ನು ಬಾಲ್ಯವಿಡೀ ನೋಡಿದ್ದಳು, ಅಷ್ಟೆ. ಅದಕ್ಕಿಂತ ನನ್ನ ಹಳೆಯ ಹಡಗಿನ ಗೆಳೆಯರ ವಾಟ್ಸಾಪ್ ಗುಂಪನ್ನು ನಂಬುವುದು ಮೇಲು ಎನಿಸಿತು. ಅಲ್ಲಿ ಹನ್ನೊಂದು ಜನ ಹದಿನಾಲ್ಕು ಉಪಾಯ ಹೇಳಿದರು. ಅವರಲ್ಲಿ ಯಾರ ಮನೆಯಲ್ಲೂ ಕೊಳ ಇರಲಿಲ್ಲ. ಅವರ ಮಾತಿನಂತೆ ನೀರು ತಿಳಿ ಮಾಡುವ ಪಟಿಕದ ಹರಳು ತಂದು, ಬಟ್ಟೆಯಲ್ಲಿ ಕಟ್ಟಿ, ನೀರಿನಲ್ಲಿ ಸುತ್ತ ತಿರುಗಿಸಿದೆ. ಎರಡು ದಿನ ನೀರು ಅದ್ಭುತವಾಗಿತ್ತು. ಮೂರನೆಯ ದಿನ ಮತ್ತೆ ಗುರುವಾರ.

ಬೀಗಿತ್ತಿ ಪ್ರತಿ ಭಾನುವಾರ ಫೋನು ಮಾಡುತ್ತಿದ್ದರು. "ನೀರು ಹೇಗಿದೆ ಅಂಡಿ?" ಎಂದು ಮೊದಲ ಪ್ರಶ್ನೆ. ಅವರ ಅಂಡಿ ಎಂದರೆ ನಮ್ಮ ರೀ. ನಮ್ಮ ಆರೋಗ್ಯ ಎರಡನೆಯದು. ನಾಲ್ಕನೆಯ ಭಾನುವಾರ ನಾನು ಒಂದು ಕೆಲಸ ಮಾಡಿದೆ. ಆ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿಲ್ಲ. ಉಜ್ಜಿ, ತೊಳೆದು, ಹೊಸ ನೀರು ತುಂಬಿಸಿ, ಹತ್ತು ನಿಮಿಷದೊಳಗೆ ಒಂದು ಫೋಟೋ ತೆಗೆದು ಅವರಿಗೆ ಕಳಿಸಿದೆ. ಫೋಟೋದಲ್ಲಿ ಸುಳ್ಳೇನೂ ಇರಲಿಲ್ಲ. ಅದರ ಕೆಳಗೆ ದಿನದ ಹೆಸರು ಬರೆಯಲಿಲ್ಲ, ಅಷ್ಟೇ.

ಐದು ನಿಮಿಷದಲ್ಲಿ ಉತ್ತರ ಬಂತು. ಅದ್ದದ ಹಾಗಿದೆ, ಎಂದರು. ಕನ್ನಡಿಯ ಹಾಗೆ. ಇನ್ನು ನನಗೆ ಚಿಂತೆಯಿಲ್ಲ, ಎಂದರು.

ಅವರ ಚಿಂತೆ ಅವತ್ತಿನಿಂದ ನನಗೆ ವರ್ಗವಾಯಿತು.

"ಮೊದಲು ಸಣ್ಣ ಮೀನು ಬಿಟ್ಟು ನೋಡ್ರಿ," ಎಂದಳು ಹೆಂಡತಿ. "ಅವರ ಮುದುಕಿ ಮೀನಿನ ಮ್ಯಾಲೆ ನಿಮ್ಮ ಪ್ರಯೋಗ ಬ್ಯಾಡ."

ಈ ಸಲಹೆಯಲ್ಲಿ ತರ್ಕವಿತ್ತು. ಪೇಟೆಯಿಂದ ಆರು ಸಣ್ಣ ಮೀನು ತಂದೆ. ಭಾನುವಾರ ಮಧ್ಯಾಹ್ನ, ತಪಾಸಣೆಯಲ್ಲಿ ನೂರಕ್ಕೆ ನೂರು ಅಂಕ ಪಡೆದ ನೀರಿಗೆ ಬಿಟ್ಟೆ. ಸಂಜೆಗೆ ಮೂರು ಮೇಲೆ ತೇಲಿದವು. ಬೆಳಗ್ಗೆ ಉಳಿದ ಮೂರು. ನೀರು ಮಾತ್ರ ಎಷ್ಟು ತಿಳಿಯಾಗಿತ್ತೆಂದರೆ ಅವು ಸತ್ತದ್ದು ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.

ಹೆಂಡತಿ ಅವನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂಳಿದಳು. ಕೈ ತೊಳೆದುಕೊಂಡು ಬಂದು ನನ್ನ ಮುಂದೆ ನಿಂತಳು.

"ಈಗ ಅವರಿಗೆ ಫೋನ್ ಮಾಡಿ ಇದ್ದದ್ದು ಇದ್ದಂಗ ಹೇಳ್ರಿ. ಇನ್ನೊಂದು ತಿಂಗಳು ಬ್ಯಾಡ ಅನ್ರಿ. ನೀವು ಹೇಳ್ತೀರೋ, ನಾನ ಹೇಳ್ಲೋ?"

ನಾನೇ ಹೇಳುತ್ತೇನೆ ಎಂದೆ. ನಿಜವಾಗಿಯೂ ಹೇಳಲೆಂದೇ ಫೋನು ಮಾಡಿದೆ. ಆದರೆ ಹೆಡ್‌ಮಿಸ್ಟ್ರೆಸ್ ಆಗಿದ್ದವರಿಗೆ ಎದುರಿನವರ ಮಾತು ಕೇಳುವ ಮೊದಲೇ ಪ್ರಕಟಣೆ ಓದುವ ಅಭ್ಯಾಸವಿರುತ್ತದೆ. "ಅನ್ನಯ್ಯಗಾರೂ, ನೂರು ವರ್ಷ ನಿಮಗೆ, ಈಗಷ್ಟೇ ನೆನೆದೆ. ಮನೆ ಕೊಂಡವರು ಬೇಗ ಬಿಟ್ಟುಕೊಡಿ ಅಂತ ಕೂತಿದ್ದಾರೆ. ತೊಟ್ಟಿ ನಾಳೆ ಒಡೆಸುತ್ತೇನೆ. ಶನಿವಾರ ದುವ್ವಾಡದಲ್ಲಿ ಇಳಿಯುತ್ತೇನೆ, ಟಿಕೆಟ್ ಆಗಿದೆ. ಮೀನು ನನ್ನ ಜೊತೆಯಲ್ಲೇ."

"ಬನ್ನಿ, ಬನ್ನಿ," ಎಂದು ನನ್ನ ಬಾಯಿ ಹೇಳಿತು.

ಫೋನು ಇಟ್ಟ ಮೇಲೆ ಹೆಂಡತಿ ಬೀಗಿತ್ತಿಗೆಂದು ಹಾಸಿಗೆ ತೆಗೆದು ಬಿಸಿಲಿಗೆ ಹಾಕಿದಳು. ನಾನು ಮಾತ್ರ ಉಳಿದ ನಾಲ್ಕು ದಿನ ನನಗೆ ಗೊತ್ತಿದ್ದ ಒಂದೇ ಕೆಲಸವನ್ನು ಎರಡರಷ್ಟು ಮಾಡಿದೆ. ದಿನ ಬಿಟ್ಟು ದಿನದ ಬದಲು ದಿನವೂ ನೀರು ಬದಲಾಯಿಸಿದೆ. ಶನಿವಾರ ಬೆಳಗಿನ ಜಾವ ಪೂರ್ತಿ ಖಾಲಿ ಮಾಡಿ ಉಜ್ಜಿದೆ. ಈ ಸಲ ಬ್ಲೀಚಿಂಗ್ ಪುಡಿ ಹಾಕಲಿಲ್ಲ. ಅದನ್ನು ನಾನು ಜಾಣತನವೆಂದು ಭಾವಿಸಿದ್ದೆ.

ದುವ್ವಾಡ ನಿಲ್ದಾಣದಲ್ಲಿ ಅವರು ಇಳಿದ ರೀತಿಯನ್ನು ಹೇಳಲೇಬೇಕು. ಮೊದಲು ಒಂದು ದೊಡ್ಡ ಸ್ಟೀಲಿನ ಹಾಲಿನ ಕ್ಯಾನು ಇಳಿಯಿತು, ಬಾಯಿಗೆ ತೆಳು ಬಟ್ಟೆ ಕಟ್ಟಿತ್ತು. ಅನಂತರ ನೀರು ಜಿನುಗುವ ಗೋಣಿಚೀಲ. ಆಮೇಲೆ ಬೀಗಿತ್ತಿ. ಅವರ ಹಿಂದೆ ಬೋಗಿಯ ನಾಲ್ಕು ಜನ ಬಾಗಿಲಿನವರೆಗೆ ಬಂದು ಕ್ಯಾನಿಗೆ ಕೈ ಬೀಸಿದರು.

"ವಿಜಯವಾಡದಿಂದ ಎಲ್ಲರೂ ಕೇಳಿದರು, ಹಾಲೋ ಮಜ್ಜಿಗೆಯೋ ಅಂತ. ನನ್ನ ವಿದ್ಯಾರ್ಥಿಗಳು ಅಂದೆ," ಎಂದರು. "ಟಿಕೆಟ್ ಪರೀಕ್ಷಕ ಮಾತ್ರ ಅವಕ್ಕೆ ಅರ್ಧ ಟಿಕೆಟ್ ಇದೆಯಾ ಅಂತ ಕೇಳಿದ. ಒಳ್ಳೆಯ ಮನುಷ್ಯ."

ಆಟೋದಲ್ಲಿ ಅವರು ಕ್ಯಾನನ್ನು ಎರಡು ಪಾದಗಳ ನಡುವೆ ಹಿಡಿದುಕೊಂಡಿದ್ದರು. ಪ್ರತಿ ಉಬ್ಬಿಗೂ ಚಾಲಕನಿಗೆ ಬೈಗುಳ, ಕ್ಯಾನಿಗೆ ಸಮಾಧಾನ. ನಾನು ಈಗ ಹೇಳುತ್ತೇನೆ, ಮುಂದಿನ ತಿರುವಿನಲ್ಲಿ ಹೇಳುತ್ತೇನೆ ಎಂದುಕೊಳ್ಳುತ್ತ ಕೂತಿದ್ದೆ. ದುವ್ವಾಡದಿಂದ ಪೆಂಡುರ್ತಿಗೆ ತಿರುವುಗಳು ಬೇಕಾದಷ್ಟಿವೆ. ಎಲ್ಲವೂ ಮುಗಿದವು.

ಮನೆಗೆ ಬಂದವರು ನೀರು ಕೂಡ ಕುಡಿಯದೆ ನೇರ ಹಿತ್ತಲಿಗೆ ಹೋದರು. ಕೊಳ ಹೊಳೆಯುತ್ತಿತ್ತು. ಅವರ ಮುಖವೂ ಹೊಳೆಯಿತು. "ಫೋಟೋದಲ್ಲಿ ಇದ್ದ ಹಾಗೇ ಇದೆಯಲ್ಲ," ಎಂದು ಕಟ್ಟೆಯ ಮೇಲೆ ಕ್ಯಾನು ಇಟ್ಟು, ಬಾಯಿಗೆ ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಲು ತೊಡಗಿದರು. ಒಳಗೆ ಮಬ್ಬು ಹಸಿರು ನೀರು. ಅದರಲ್ಲಿ ಅರ್ಧ ಬೆಳ್ಳಗಾದ ಒಂದು ಬೆನ್ನು ತಿರುಗಿತು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳು ಬಾಯಿ ತೆರೆಯುವುದರೊಳಗೆ ನಾನು ಕ್ಯಾನಿನ ಮೇಲೆ ಕೈ ಇಟ್ಟೆ.

"ಬೇಡಿ ವದಿನಗಾರೂ. ಹೋದ ವಾರ ಇದರಲ್ಲಿ ಆರು ಮೀನು ಬಿಟ್ಟಿದ್ದೆ. ಆರೂ ಸತ್ತವು. ಈ ನೀರು ನಾಲ್ಕು ದಿನದಲ್ಲಿ ಹಸಿರಾಗುತ್ತದೆ. ಫೋಟೋ ನೀರು ತುಂಬಿಸಿದ ಹತ್ತನೆಯ ನಿಮಿಷದ್ದು."

ಅವರು ಬಿಚ್ಚಿದ್ದ ಗಂಟನ್ನು ಮತ್ತೆ ಕಟ್ಟಿದರು. ಎರಡು ಸುತ್ತು, ಗಟ್ಟಿಯಾಗಿ. ನಾಲ್ಕು ಮೀನಿಗೆ ವಿಜಯವಾಡದಲ್ಲಿ ಈಗ ತೊಟ್ಟಿಯಿಲ್ಲ. ಇಲ್ಲಿ ಕೊಳವಿದೆ, ನೀರಿಲ್ಲ. ಅದು ಅವರಿಗೂ ಅರ್ಥವಾಗಿತ್ತು, ನನಗೂ. ಆಮೇಲೆ ಕುರ್ಚಿ ತರಿಸಿ ಕೂತರು. ನಾನು ನಿಂತೇ ಇದ್ದೆ. ವಿಚಾರಣೆ ಶುರುವಾಯಿತು.

ಏನೇನು ಮಾಡಿದಿರಿ? ಎಷ್ಟು ಸಲ? ಯಾವುದರಿಂದ ಉಜ್ಜಿದಿರಿ? ನಾನು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಹೇಳುತ್ತ ಹೇಳುತ್ತ, ಕರವಸ್ತ್ರದ ತಪಾಸಣೆಗೆ ಬಂದಾಗ, ಒಳಗಿನ ಹೆಮ್ಮೆ ತಡೆಯದೆ ಒಂದು ಸಲ ಮಾಡಿಯೂ ತೋರಿಸಿದೆ. ಬಿಳಿಯಾಗಿ ಹೋದದ್ದು ಬಿಳಿಯಾಗಿ ಬಂತು.

ಅವರು ಗೋಣಿಚೀಲದೊಳಗೆ ಕೈ ಹಾಕಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಮೂರು ಕಲ್ಲು ತೆಗೆದರು. ಒಡೆಸಿದ ತೊಟ್ಟಿಯ ತಳದ ಕಲ್ಲುಗಳು. "ಮುಟ್ಟಿ," ಎಂದರು. ಮುಟ್ಟಿದೆ. ಹಡಗಿನಲ್ಲಿ ಇಂಥದ್ದು ಸಿಕ್ಕಿದ್ದರೆ ಮೂರು ಜನರ ರಜೆ ಹೋಗುತ್ತಿತ್ತು. ದಪ್ಪ, ಕಂದು ಬಣ್ಣದ ಲೋಳೆ.

"ಇದೇ ಸಿಬ್ಬಂದಿ," ಎಂದರು. "ನೀರಿನ ಕೊಳೆ ತಿಂದು ತಿಳಿ ಮಾಡುವುದು ಇದು. ನೆಲೆ ನಿಲ್ಲಲು ಇದಕ್ಕೆ ಕೆಲವು ವಾರ ಬೇಕು. ನೀವು ಪ್ರತಿ ಭಾನುವಾರ ಶಾಲೆಯ ಎಲ್ಲ ಮೇಷ್ಟ್ರುಗಳನ್ನೂ ಎತ್ತಂಗಡಿ ಮಾಡಿ, ಗುರುವಾರ ಫಲಿತಾಂಶ ಕೆಟ್ಟಿದೆ ಅಂತ ಅಳುತ್ತಿದ್ದೀರಿ. ಪಾಚಿಗಾದರೋ ದಿನವೂ ಹೊಸ ನೀರು, ದಿನವಿಡೀ ಬಿಸಿಲು. ಇಷ್ಟು ಸೇವೆ ನನಗೆ ಯಾರಾದರೂ ಮಾಡಿದ್ದರೆ ನಾನೂ ಬೆಳೆಯುತ್ತಿದ್ದೆ."

ನನ್ನ ಹೆಂಡತಿ ಬಾಗಿಲಿನಿಂದ, "ಅದನ್ನ ನಾನೂ ಹೇಳಿದ್ದೆ," ಎಂದು ಕನ್ನಡದಲ್ಲಿ ಅಂದಳು. ತರ್ಜುಮೆಯಿಲ್ಲದೆಯೇ ಬೀಗಿತ್ತಿಗೆ ಅರ್ಥವಾಯಿತು. ಹೆಂಗಸರ ಕೆಲವು ಮಾತುಗಳಿಗೆ ಭಾಷೆ ಬೇಕಿಲ್ಲ.

ನಾನು ಕೊನೆಯ ಅಸ್ತ್ರ ಪ್ರಯೋಗಿಸಿದೆ. ಮಳೆಗಾಲದಲ್ಲಿ ಕೃಷ್ಣಾ ನದಿಯ ಕೆಂಪು ನೀರು ಬಂದಾಗ ಅವರ ತಾಯಿ ಕೊಡದ ಒಳಮೈಗೆ ಇಂಡುಪ ಬೀಜ ತೇಯ್ದು ರಾತ್ರಿ ಬೆಳಗಾಗುವುದರಲ್ಲಿ ತಿಳಿ ಮಾಡುತ್ತಿದ್ದರೆಂದು ಅವರೇ ಒಮ್ಮೆ ಹೇಳಿದ್ದರು. ಆ ಬೀಜ ತಂದು ತೇಯ್ದರೆ?

"ಅದು ಕುಡಿಯುವ ನೀರಿಗೆ. ಕೊಡದೊಳಗೆ ಯಾರೂ ವಾಸ ಮಾಡುವುದಿಲ್ಲ, ಅನ್ನಯ್ಯಗಾರೂ," ಎಂದರು. "ನೀರು ತಿಳಿಯಾಗಬೇಕಿರುವುದು ಮೀನಿಗಲ್ಲ, ನಿಮಗೆ. ಮೀನು ಒಂಬತ್ತು ವರ್ಷ ಮಬ್ಬಿನಲ್ಲೇ ದಾರಿ ಕಂಡುಕೊಂಡಿದೆ."

ಎರಡು ದಿನಕ್ಕೆಂದು ಬಂದವರು ಹತ್ತು ದಿನ ಉಳಿಯುವುದಾಗಿ ಘೋಷಿಸಿದರು. ಮೀನುಗಳು ತಮ್ಮದೇ ನೀರಿನೊಂದಿಗೆ ಬಚ್ಚಲ ಪಕ್ಕದ ನೆರಳಿನಲ್ಲಿ ಒಂದು ನೀಲಿ ಡ್ರಮ್ಮಿಗೆ ಹೋದವು. ಗೋಣಿಚೀಲದಲ್ಲಿ ತಂದಿದ್ದ ತಾವರೆ ಗೆಡ್ಡೆಗಳನ್ನು ಕೆಸರಿನ ಸಮೇತ ಎರಡು ಅಗಲ ಕುಂಡಗಳಲ್ಲಿ ನೆಟ್ಟು ಕೊಳದೊಳಗೆ ಇಟ್ಟರು. ಮೂರು ಕಲ್ಲುಗಳನ್ನು ನನ್ನ ಹೊಳೆಯುವ ತಳದ ಮೇಲೆ ಇಟ್ಟರು. ಅರ್ಧ ಕೊಳದ ಮೇಲೆ ಹಸಿರು ಬಲೆಯ ನೆರಳು. ಆಮೇಲೆ ಕ್ಯಾನಿನಲ್ಲಿ ಉಳಿಸಿಕೊಂಡಿದ್ದ ಕೊಳಕು ನೀರನ್ನು, ನಾನು ಬೆಳಗಿನ ಜಾವದಿಂದ ಉಜ್ಜಿ ಸಿದ್ಧ ಮಾಡಿದ ನೀರಿಗೆ, ನನ್ನ ಕಣ್ಣೆದುರೇ ಸುರಿದರು. ನಾನು ಮುಖ ಆಚೆ ತಿರುಗಿಸಿದೆ. ತಂತಿ ಬ್ರಷ್ಷು, ಪಟಿಕ, ಬ್ಲೀಚಿಂಗ್ ಪುಡಿ ಮೂರೂ ಅವರ ಮಂಚದ ಕೆಳಗೆ ಹೋದವು.

"ನಾನು ಏನು ಮಾಡಬೇಕು?" ಎಂದು ಕೇಳಿದೆ.

"ಏನೂ ಇಲ್ಲ."

"ಬೆಳಗ್ಗೆ?"

"ಬೆಳಗ್ಗೆಯೂ ಏನೂ ಇಲ್ಲ. ಸಾಯಂಕಾಲ ಬೇಕಾದರೆ ಇನ್ನೊಂದು ಸಲ ಏನೂ ಇಲ್ಲ."

ಕೆಲಸ ಮಾಡುವುದಕ್ಕೆ ನನಗೆ ತರಬೇತಿಯಿದೆ. ಮಾಡದೆ ಇರುವುದಕ್ಕೆ ಯಾರೂ ಕೊಟ್ಟಿರಲಿಲ್ಲ. ಎರಡನೆಯ ದಿನ ನೀರು ಮಣ್ಣು ಬಣ್ಣ, ನಾಲ್ಕನೆಯ ದಿನ ಹಸಿರು, ಐದನೆಯ ದಿನ ಅದಕ್ಕಿಂತ ಹಸಿರು. ಮಂಡ್ಯದ ಕೆಮಿಸ್ಟ್ ದಿನವೂ ಬಸ್ಸಿಳಿದು ಬಂದು ಕೊಳ ನೋಡಿ, ಆಮೇಲೆ ನನ್ನ ಮುಖ ನೋಡಿ, "ಸಾರ್, ಬಿಪಿ ಮಾತ್ರೆ ತಗೊಂಡ್ರಾ?" ಎಂದು ವಿಚಾರಿಸುತ್ತಿದ್ದರು. ಆರನೆಯ ದಿನ ಬೆಳಗ್ಗೆ ಐದೂವರೆಗೆ ನಾನು ಒಂದೇ ಒಂದು ಬಕೆಟ್ ಹಿಡಿದು, ಒಂದೇ ಒಂದು ಬಕೆಟ್ ನೀರು ಬದಲಾಯಿಸಿದರೆ ಯಾರಿಗೆ ನಷ್ಟ ಎಂದುಕೊಂಡು, ಸದ್ದಾಗದಂತೆ ಹಿತ್ತಲಿಗೆ ಹೋದೆ. ಕೊಳದ ಪಕ್ಕದ ಕುರ್ಚಿಯಲ್ಲಿ ಬೀಗಿತ್ತಿ ಸೆರಗು ಹೊದ್ದು ಕೂತಿದ್ದರು.

"ವಾಕಿಂಗಾ ಅಂಡಿ?" ಎಂದರು. "ಬಕೆಟ್ ಜೊತೆ?"

ಆದರೆ ಅವರು ನನ್ನನ್ನು ಕಾಯಲು ಅಲ್ಲಿ ಕೂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದು ತಿಳಿಯಿತು. ಡ್ರಮ್ಮಿನಲ್ಲಿ ಪೆದ್ದದಿ ಹಿಂದಿನ ಸಂಜೆಯಿಂದ ತಳದಲ್ಲಿ ಓರೆಯಾಗಿ ಮಲಗಿತ್ತು. ಕಿವಿರು ಆಡುತ್ತಿತ್ತು, ಅಷ್ಟೆ. ಉಳಿದ ಮೂರು ಮೀನು ಅದರ ಸುತ್ತ ಸುಮ್ಮನೆ ನಿಂತಿದ್ದವು.

"ಡ್ರಮ್ಮು ಸಾಲುತ್ತಿಲ್ಲ ಅದಕ್ಕೆ," ಎಂದರು ಮೆಲ್ಲಗೆ. "ಅದರ ಹೊಲಸು ಅದಕ್ಕೇ ಸುತ್ತಿಕೊಳ್ಳುತ್ತಿದೆ. ನೀರು ಬದಲಾಯಿಸಬೇಕು. ನಿಮ್ಮ ಬೋರ್‌ವೆಲ್ ನೀರು ಒಗ್ಗುತ್ತದೋ ಇಲ್ಲವೋ. ಹಾಕಿದರೆ ಒಂದು ಭಯ, ಹಾಕದಿದ್ದರೆ ಇನ್ನೊಂದು."

ಬಂದಾಗಿನಿಂದ ಮೊದಲ ಬಾರಿ ಅವರು ನನ್ನ ಸಲಹೆಗೆ ಕಾದರು. ನನಗೆ ಅದು ಹಿಡಿಸಲಿಲ್ಲ. ಅವರು ಬೈಯುವುದೇ ವಾಸಿ ಎನಿಸಿತು. ಕೊಳದ ಕಡೆ ನೋಡಿದೆ. ಆರು ದಿನದ ಆ ಗಲೀಜಿನಲ್ಲಿ ನೊಣಕ್ಕಿಂತ ಸಣ್ಣ ಏನೋ ಜಿಗಿಯುತ್ತಿದ್ದವು, ಸೊಳ್ಳೆಮರಿಗಳು ಡೊಂಕಾಗಿ ಈಜುತ್ತಿದ್ದವು. ನನ್ನ ತಪಾಸಣೆ ಪಾಸಾದ ನೀರಿನಲ್ಲಿ ಒಂದು ದಿನವೂ ಒಂದು ಹುಳ ಬದುಕಿರಲಿಲ್ಲ.

"ಬೋರ್‌ವೆಲ್ ನೀರು ಬೇಡ," ಎಂದೆ. "ಕೊಳದ್ದೇ ಹಾಕೋಣ. ಅದರಲ್ಲಿ ಈಗ ಏನೇನೋ ಬದುಕಿವೆ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಶಾಲೆಯಲ್ಲಿ ಅಂಥ ನೋಟದ ನಂತರ ಬಹುಮಾನವೂ ಬರುತ್ತಿತ್ತು, ಬೆತ್ತವೂ ಬರುತ್ತಿತ್ತು.

"ಹಾಕಿ," ಎಂದರು.

ಡ್ರಮ್ಮಿನಿಂದ ಕಾಲು ಭಾಗ ತೆಗೆದು, ಕೊಳದ ಹಸಿರು ನೀರನ್ನು ಚೆಂಬು ಚೆಂಬಾಗಿ, ಡ್ರಮ್ಮಿನ ಒಳಗೋಡೆಗೆ ತಾಗಿಸಿ ಇಳಿಸಿದೆ. ಒಂದು ಗಂಟೆ ಹಿಡಿಯಿತು. ಹೊಲಸು ನೀರನ್ನು ಇಷ್ಟು ಮರ್ಯಾದೆಯಿಂದ ನಾನು ಹಿಂದೆಂದೂ ಸುರಿದಿರಲಿಲ್ಲ. ಏಳೂವರೆಯಾಯಿತು, ಎಂಟಾಯಿತು, ಯಾರೂ ತಿಂಡಿಯ ಮಾತೆತ್ತಲಿಲ್ಲ. ಸಂಜೆಯೂ ಅಷ್ಟೇ, ಮರುದಿನ ಎರಡು ಸಲ. ಎಂಟನೆಯ ದಿನ ಮಧ್ಯಾಹ್ನ ಪೆದ್ದದಿ ನೆಟ್ಟಗಾಗಿ, ಡ್ರಮ್ಮಿಗೆ ಒಂದು ಸುತ್ತು ಹಾಕಿ, ಮತ್ತೆ ತಳಕ್ಕೆ ಹೋಯಿತು. ಬೀಗಿತ್ತಿ ಎದ್ದು ಒಳಗೆ ಹೋಗಿ ನನ್ನ ಹೆಂಡತಿಯ ಕೈಯಿಂದ ಈಳಿಗೆಮಣೆ ಕಸಿದುಕೊಂಡು ಅಗತ್ಯಕ್ಕಿಂತ ಹೆಚ್ಚು ಬದನೆಕಾಯಿ ಹೆಚ್ಚಿದರು.

ಒಂಬತ್ತನೆಯ ದಿನ ಕೊಳದಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಕುಂಡದ ಅಂಚು ಕಾಣಿಸಿತು. ಒಂದು ಗೇಣು ಕೆಳಗೆ, ಮಸುಕಾಗಿ, ಆದರೆ ಕುಂಡದ ಅಂಚೇ. ಸುರುಳಿ ಸುತ್ತಿದ್ದ ಒಂದು ತಾವರೆ ಎಲೆ ಮೇಲೆ ಬಂದು ಅರ್ಧ ಬಿಚ್ಚಿಕೊಂಡಿತ್ತು. ಯಾರೂ ಏನೂ ಮಾಡಿರಲಿಲ್ಲ. ನನ್ನ ಅನುಭವದಲ್ಲಿ ಯಾರೂ ಏನೂ ಮಾಡದೆ ಸರಿಹೋದ ಮೊದಲ ಕೆಲಸ ಅದು.

ಹತ್ತನೆಯ ದಿನ ಮಧ್ಯಾಹ್ನ ಅವರಿಗೆ ರೈಲು. ನೀರು ತೆಳು ಚಹಾದ ಬಣ್ಣಕ್ಕೆ ಬಂದಿತ್ತು. ತಳ ಇನ್ನೂ ಕಾಣುತ್ತಿರಲಿಲ್ಲ. ಮೀನು ಬಿಡುವುದೋ, ಡ್ರಮ್ಮಿನಲ್ಲೇ ಇಟ್ಟು ನನ್ನ ಮೇಲೆ ಭಾರ ಹಾಕಿ ಹೋಗುವುದೋ ಎಂದು ಅವರು ಬೆಳಗಿನಿಂದ ಹಿತ್ತಲಿನಲ್ಲಿ ಅಡ್ಡಾಡಿದರು. ಕೊನೆಗೆ ಸೀರೆ ಎತ್ತಿಕಟ್ಟಿ ಮೊದಲು ಮೂರು ಚಿಕ್ಕವನ್ನು ಬಿಟ್ಟರು. ಅವು ನೇರ ಎಲೆಯ ಕೆಳಗೆ ಸೇರಿದವು. ಒಂದು ಗಂಟೆ ಕಾದರು. ಆಮೇಲೆ ಪೆದ್ದದಿಯನ್ನು ಎರಡೂ ಅಂಗೈಯಲ್ಲಿ ನೀರಿನೊಳಗೇ ಹಿಡಿದು, ಕೈ ಅಗಲಿಸಿದರು. ಅದು ಒಂದು ಕ್ಷಣ ಅಲ್ಲೇ ನಿಂತು, ಬಾಲ ಬಡಿದು, ಮಬ್ಬಿನೊಳಗೆ ಇಳಿದು ಕಾಣೆಯಾಯಿತು.

"ಚಿಟಿಕೆ ಆಹಾರ, ವಾರಕ್ಕೆ ಎರಡು ಸಲ," ಎಂದರು ದುವ್ವಾಡದ ಪ್ಲಾಟ್‌ಫಾರ್ಮಿನಲ್ಲಿ. "ನಿಮ್ಮ ಚಿಟಿಕೆಯಲ್ಲ, ನಿಮ್ಮ ಮನೆಯ ವದಿನಗಾರ ಚಿಟಿಕೆ."

ರೈಲು ಹೊರಟಾಗ ಅವರು ಕೈ ಬೀಸಲಿಲ್ಲ. ಮುಖವನ್ನು ಆಚೆಯ ಕಿಟಕಿಯ ಕಡೆ ತಿರುಗಿಸಿ ಕೂತಿದ್ದರು.

ಮರುದಿನ ಪೆದ್ದದಿ ಕಾಣಲಿಲ್ಲ. ಚಿಕ್ಕ ಮೂರೂ ಎಲೆಯ ಅಂಚಿನಲ್ಲಿ ಓಡಾಡುತ್ತಿದ್ದವು. ಸಂಜೆ ಆರಕ್ಕೆ ವಿಜಯವಾಡದಿಂದ ಫೋನು. "ಬಂತಾ?" ಎಂದರು. ಇಲ್ಲ ಎಂದೆ. ಎರಡನೆಯ ದಿನವೂ ಆರಕ್ಕೆ ಫೋನು, ಎರಡನೆಯ ದಿನವೂ ಇಲ್ಲ. "ಮೇಲೆ ತೇಲಿಲ್ಲ ಅಂದ್ರ ಬದುಕೇತಿ," ಎಂದಳು ಹೆಂಡತಿ. ಆದರೆ ಅವಳೂ ಅಡುಗೆಮನೆಯ ಕಿಟಕಿಯಿಂದ ಹಿತ್ತಲು ನೋಡುವುದನ್ನು ಬಿಟ್ಟಿರಲಿಲ್ಲ. ಕೈ ಹಾಕಿ ಹುಡುಕಬೇಕೆಂದು ನನ್ನ ಹತ್ತೂ ಬೆರಳು ತುರಿಸುತ್ತಿದ್ದವು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.

ಮೂರನೆಯ ದಿನ ಹನ್ನೊಂದರ ಬಿಸಿಲಿಗೆ ಮಬ್ಬಿನೊಳಗಿನಿಂದ ಮೊದಲು ಬೆಳ್ಳಗಿನ ಒಂದು ತುಂಡು ಮೇಲೆ ಬಂತು, ಆಮೇಲೆ ಕೆಂಪು. ಪೆದ್ದದಿ ಎಲೆಯ ಅಂಚಿಗೆ ಬಂದು ಬಾಯಿ ಇಟ್ಟು, ಅಲ್ಲಿ ಹತ್ತಿದ್ದ ಲೋಳೆಯನ್ನು ಸಾವಧಾನವಾಗಿ ತಿನ್ನತೊಡಗಿತು.

ಆರು ಗಂಟೆಯವರೆಗೆ ಕಾಯದೆ ನಾನೇ ಫೋನು ಮಾಡಿದೆ. "ಬಂತು," ಎಂದೆ.

ಅತ್ತ ಲಿಫ್ಟಿನ ಬಾಗಿಲು ಮುಚ್ಚುವ ಸದ್ದು, ಯಾರೋ ಮಗುವನ್ನು ಗದರಿಸುವುದು ಕೇಳಿಸಿತು.

"ಯಾವ ಕಡೆಯಿಂದ ಬಂತು?" ಎಂದು ಕೇಳಿದರು.

"ಮೂಡಣ ಕಡೆಯಿಂದ."

"ಸರೇ," ಎಂದರು. "ತೊಟ್ಟಿಯಲ್ಲೂ ಅದು ಆ ಕಡೆಯಿಂದಲೇ ಬರುತ್ತಿತ್ತು."